ವೈದ್ಯರ ಉಲ್ಲೇಖಗಳ ಸಂಖ್ಯೆ ನೋಡಿ ಮಗುವಿನ ಶಸ್ತ್ರಚಿಕಿತ್ಸೆ ಒಪ್ಪಿಸಬಹುದೇ?

ಪುಟ್ಟನ ಅಮ್ಮ:
ನನ್ನ ಮಗನಿಗೆ ಈಗ 11 ತಿಂಗಳು. ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಾಗ ನನ್ನ ತಾಯಿಯೇ ಮೊದಲು ಗಮನಿಸಿದರು. ಮೂತ್ರ ಮುಂದಕ್ಕೆ ಚಿಮ್ಮದೆ ಅವನದೇ ತೊಡೆಯ ಮೇಲೆ ಇಳಿಯುತ್ತಿತ್ತು. ವೈದ್ಯರು ಹೈಪೋಸ್ಪೇಡಿಯಸ್ ಎಂದರು, ಅಂದರೆ ಮೂತ್ರದ್ವಾರ ಶಿಶ್ನದ ತುದಿಯಲ್ಲಿರದೆ ಕೆಳಬದಿಯಲ್ಲಿರುವ ಹುಟ್ಟು ದೋಷ. ದ್ವಾರ ತುದಿಗೆ ಹತ್ತಿರವೇ ಇದೆ, ಒಂದು ಶಸ್ತ್ರಚಿಕಿತ್ಸೆಯಲ್ಲಿ ಸರಿಹೋಗಬಹುದು ಎಂದೂ ಹೇಳಿದರು.

ಇಬ್ಬರು ವೈದ್ಯರನ್ನು ಕಂಡು ಬಂದಿದ್ದೇವೆ. ರಾತ್ರಿ ನಿದ್ದೆ ಬಾರದೆ, ಸಂಶೋಧನಾ ಪ್ರಬಂಧಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಇಬ್ಬರ ಹೆಸರನ್ನೂ ಹುಡುಕಿದೆ. ಒಬ್ಬರ ಪ್ರಬಂಧಗಳಿಗೆ ಬೇರೆಯವರ ಪ್ರಬಂಧಗಳಲ್ಲಿ ಸಿಕ್ಕ ಉಲ್ಲೇಖಗಳು ಸಾವಿರ ದಾಟಿವೆ, ಎಚ್-ಇಂಡೆಕ್ಸ್ 17 ಎಂದಿದೆ. ಇನ್ನೊಬ್ಬರದು ನಾಲ್ಕೇ ಪ್ರಬಂಧ. ಆದರೆ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದು, ನನಗೆ ಅರ್ಥವಾಗುವವರೆಗೂ ವಿವರಿಸಿದವರು ಅವರೇ. ಈ ಅಂಕಿಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಗ್ರಂಥಪಾಲಕ:
ಮೇಡಂ, ವೈದ್ಯಕೀಯ ಕಾಲೇಜೊಂದರ ಗ್ರಂಥಾಲಯದಲ್ಲಿ 22 ವರ್ಷಗಳಿಂದ ಇದ್ದೇನೆ. ಅಧ್ಯಾಪಕರ ಬಡ್ತಿಯ ಅರ್ಜಿಗಳಿಗೆ ಇದೇ ಅಂಕಿಗಳನ್ನು ತೆಗೆದುಕೊಡುವುದು ನನ್ನ ಕೆಲಸ.

ಎಚ್-ಇಂಡೆಕ್ಸ್ ಅನ್ನು 2005ರಲ್ಲಿ ಮುಂದಿಟ್ಟವರು ಹಿರ್ಶ್ ಎಂಬ ಭೌತವಿಜ್ಞಾನಿ. 17 ಎಂದರೆ, ತಲಾ 17 ಬಾರಿಯಾದರೂ ಉಲ್ಲೇಖಗೊಂಡ 17 ಪ್ರಬಂಧಗಳು ಅವರ ಹೆಸರಿನಲ್ಲಿವೆ ಎಂದಷ್ಟೇ ಅರ್ಥ. ಜೀವಮಾನದಲ್ಲಿ ಒಂದೇ ಪ್ರಬಂಧ ಬರೆದು ಅದು ಸಾವಿರ ಸಲ ಉಲ್ಲೇಖಗೊಂಡರೂ ಅವರ ಸೂಚ್ಯಂಕ 1.

ನಿಮ್ಮ ಮಗನ ತೊಂದರೆಗೇ ಸೇರಿದ ಒಂದು ಪ್ರಬಂಧವಿದೆ. ಅಮೆರಿಕದ ಟೆಕ್ಸಸ್‌ನ ವಾರನ್ ಸ್ನಾಡ್‌ಗ್ರಾಸ್ 1994ರಲ್ಲಿ ‘ಜರ್ನಲ್ ಆಫ್ ಯೂರಾಲಜಿ’ಯಲ್ಲಿ ಬರೆದದ್ದು. ಬರೀ ಎರಡು ಪುಟ, 16 ಹುಡುಗರ ವಿವರ. ಮೂತ್ರನಾಳವಾಗಬೇಕಿದ್ದ ಅಂಗಾಂಶದ ಪಟ್ಟಿಯನ್ನು ನಟ್ಟನಡುವೆ ಉದ್ದಕ್ಕೆ ಸೀಳಿ ಸಡಿಲಗೊಳಿಸಿದರೆ, ಅದರ ಎರಡೂ ಅಂಚುಗಳನ್ನು ಕೂಡಿಸಿ ಕೊಳವೆಯಾಗಿ ಹೊಲಿಯಬಹುದು. ಕೊಳವೆಗೆಂದು ಬೇರೆ ಕಡೆಯ ಚರ್ಮ ಬೇಕಿಲ್ಲ ಎಂದು ತೋರಿಸಿದರು. ದ್ವಾರವೂ ಸಹಜವಾದ ಲಂಬ ಸೀಳಿನಂತೆಯೇ ಕಾಣುತ್ತದೆ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಆ ಎರಡು ಪುಟಗಳನ್ನು ಎಷ್ಟು ಸಲ ನಕಲು ತೆಗೆದುಕೊಟ್ಟಿದ್ದೇನೋ! ಪ್ರತಿ ಸಲವೂ ಆ ಸರಳತೆಗೆ ಬೆರಗಾಗುತ್ತೇನೆ.

ಆದರೆ ಅದನ್ನು ಉಲ್ಲೇಖಿಸಿದವರಲ್ಲಿ ಹೊಗಳಿದವರೂ ಇದ್ದಾರೆ, ತೊಡಕುಗಳನ್ನು ವರದಿ ಮಾಡಿದವರೂ ಇದ್ದಾರೆ, ಬೇರೆ ವಿಧಾನದೊಂದಿಗೆ ಹೋಲಿಸಿದವರೂ ಇದ್ದಾರೆ. ಲೆಕ್ಕದಲ್ಲಿ ಎಲ್ಲವೂ ಒಂದೊಂದೇ. ಹಾಗೆಯೇ ಮಕ್ಕಳ ಮೂತ್ರಾಂಗ ಚಿಕಿತ್ಸೆ ಸಣ್ಣ ಕ್ಷೇತ್ರ, ಬರೆಯುವವರೂ ಕಡಿಮೆ. ಇಲ್ಲಿಯ 17ನ್ನು ಹೃದ್ರೋಗ ತಜ್ಞರೊಬ್ಬರ 17ರ ಪಕ್ಕದಲ್ಲಿಟ್ಟು ತೂಗಬೇಡಿ.

ಮಕ್ಕಳ ಶಸ್ತ್ರವೈದ್ಯೆ:
ಗ್ರಂಥಪಾಲಕರು ಹೇಳಿದ್ದು ಸರಿ. ಎಣಿಕೆಗೇ ಸಿಗದ ಪ್ರಭಾವವೂ ಒಂದಿದೆ. ಫ್ರಾನ್ಸಿನ ಪಾಲ್ ಮಿತ್ರೊಫಾನೊಫ್ 1980ರಲ್ಲಿ, ಅಪೆಂಡಿಕ್ಸನ್ನೇ ಮೂತ್ರಕೋಶದಿಂದ ಹೊಟ್ಟೆಯ ಮೇಲ್ಮೈಗೆ ದಾರಿಯಾಗಿ ಜೋಡಿಸುವ ವಿಧಾನವನ್ನು ಫ್ರೆಂಚ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ನರದ ತೊಂದರೆಯಿಂದ ಮೂತ್ರಕೋಶ ಖಾಲಿಯಾಗದ ಮಗು ಆ ದಾರಿಯಲ್ಲಿ ತಾನೇ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ತೆಳು ಕೊಳವೆ) ಹಾಕಿಕೊಂಡು ಶಾಲೆಗೆ ಹೋಗಬಹುದು. ‘ಈ ಮಗುವಿಗೆ ಮಿತ್ರೊಫಾನೊಫ್ ಮಾಡೋಣ’ ಎಂದು ಆಪರೇಷನ್ ಥಿಯೇಟರಿನಲ್ಲಿ ಹೇಳುತ್ತೇವೆ. ಮೂಲ ಪ್ರಬಂಧ ಓದದವರೂ ಹೇಳುತ್ತಾರೆ. ಆ ಮಾತು ಯಾವ ಸೂಚ್ಯಂಕಕ್ಕೂ ಸೇರುವುದಿಲ್ಲ.

ಹಾಗೆಂದು ಪ್ರಬಂಧಗಳನ್ನು ಪೂರ್ತಿ ತಳ್ಳಿಹಾಕಬೇಡಿ. ತಮ್ಮದೇ ರೋಗಿಗಳ ಬಗ್ಗೆ ಬರೆಯುವವರು ಅವರನ್ನು ಎಣಿಸಲೇಬೇಕು, ಮರಳಿ ಕರೆಸಿ ನೋಡಲೇಬೇಕು. ನೀವು ಇಬ್ಬರನ್ನೂ ನೇರವಾಗಿ ಕೇಳಿ: ವರ್ಷಕ್ಕೆ ಇಂತಹ ಎಷ್ಟು ಮಕ್ಕಳಿಗೆ ಮಾಡುತ್ತೀರಿ? ಎಷ್ಟು ಮಕ್ಕಳಿಗೆ ಫಿಸ್ಟುಲಾ ಆಗಿದೆ, ಅಂದರೆ ಹೊಲಿಗೆಯ ಬಳಿ ತೂತಾಗಿ ಮೂತ್ರ ಸೋರಿದೆ? ಎಷ್ಟು ಮಕ್ಕಳಿಗೆ ದ್ವಾರ ಕಿರಿದಾಗಿದೆ? ಎಲ್ಲಿಯವರೆಗೆ ಕರೆಸಿ ನೋಡುತ್ತೀರಿ? ಕೇಳಲು ಸಂಕೋಚ ಬೇಡ, ನನ್ನನ್ನು ಕೇಳುವ ತಂದೆತಾಯಿಯರಿಗೆ ನಾನು ಉತ್ತರಿಸುತ್ತೇನೆ. ಇನ್ನೊಂದು ಮಾತು. ಶಸ್ತ್ರಚಿಕಿತ್ಸೆಯವರೆಗೆ ಶಿಶ್ನದ ಮುಂದೊಗಲನ್ನು ಯಾರೂ ಕತ್ತರಿಸದಂತೆ ನೋಡಿಕೊಳ್ಳಿ. ದುರಸ್ತಿಗೆ ಅದು ಬೇಕಾಗಬಹುದು.

ಪುಟ್ಟನ ಅಮ್ಮ:
ಇಬ್ಬರಿಗೂ ನಮಸ್ಕಾರ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ ಬಂದೆ. ಚಿತ್ರ ಬರೆದುಕೊಟ್ಟ ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಮ್ಮಾ, ಅದನ್ನು ನಾನು ಎಣಿಸಿಟ್ಟಿಲ್ಲ’ ಎಂದರು. ಆ ಪ್ರಾಮಾಣಿಕತೆಗೆ ನನ್ನ ಕಣ್ಣು ತುಂಬಿತು. ಇನ್ನೊಬ್ಬರು ಮೇಜಿನ ಖಾನೆಯಿಂದ ಉದ್ದನೆಯ ರಿಜಿಸ್ಟರ್ ತೆಗೆದರು. ಹೆಸರಿನ ಸಾಲನ್ನು ಕಾಗದದಿಂದ ಮುಚ್ಚಿ, ಮರಳಿ ಬಂದ ದಿನಾಂಕಗಳ ಸಾಲನ್ನಷ್ಟೇ ತೋರಿಸಿದರು. ತೂತು ಬಿದ್ದ ಮಕ್ಕಳ ಮುಂದೆ ಕೆಂಪು ಶಾಯಿಯ ಗುರುತಿತ್ತು. ಅವರ ಪ್ರಬಂಧಗಳು ಹುಟ್ಟಿದ್ದು ಅದೇ ರಿಜಿಸ್ಟರಿನಿಂದಂತೆ. ಅವರಲ್ಲಿಯೇ ಮಾಡಿಸುತ್ತಿದ್ದೇವೆ. ಮುಂದಿನ ತಿಂಗಳು ದಿನ ಕೊಟ್ಟಿದ್ದಾರೆ. ಪೆನ್ಸಿಲಿನ ಚಿತ್ರವನ್ನು ಮಗುವಿನ ಕಡತದಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಮನೆಯವರಿಗೆ ವಿವರಿಸುವಾಗಲೆಲ್ಲ ಅದನ್ನೇ ತೆಗೆಯುತ್ತೇನೆ.