ಹಿಂದಿನ ಸೀಟು ನೋಡಿ

“64 ಬಣ್ಣ!” ಅಂದ ಸೀನ. ಬೆರಳು ಸ್ಕ್ರೀನಿನ ಮೇಲೆ ಜಾರಿತು, ಬಾಗಿಲ ಅಂಚಿನ ದೀಪದ ಗೆರೆ ನೇರಳೆಯಿಂದ ಹಸಿರಾಯಿತು.

“64 ವಿದ್ಯೆ ಅಂತ ಕೇಳಿದ್ದೆ ಕಣಯ್ಯಾ, ಬಣ್ಣ ಇದೇ ಮೊದಲು,” ಅಂದರು ಸುಬ್ಬಣ್ಣ. “ಈ ಹಸಿರಲ್ಲಿ ನಿನ್ನ ಮುಖ ನೋಡಿದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗೋಣ ಅನ್ನಿಸ್ತಿದೆ. ಹೇಗೂ ಗಾಡಿ ಇದೆ. ಹೊರಡೋಣವಾ?”

ಗಾಡಿ ಹೊರಡೋ ಲಕ್ಷಣ ಇರಲಿಲ್ಲ. ಹೊಸ ಗಾಡೀಲಿ ಒಂದು ಸುತ್ತು ಹಾಕಿಸ್ತೀನಿ ಅಂತ ಸೀನ ಕರೆದು ಅರ್ಧ ಗಂಟೆಯಾಗಿತ್ತು. ಮುಂದೆ ಅವನು, ಪಕ್ಕದಲ್ಲಿ ಮೇಷ್ಟ್ರು. ಹಿಂದೆ ಸುಬ್ಬಣ್ಣ, ಪದ್ಮಕ್ಕ, ಇಬ್ಬರ ನಡುವೆ ನಾನು. ಬರೆಯುವವನಿಗೆ ಸಿಗೋದು ಯಾವಾಗಲೂ ನಡುವಿನ ಸೀಟೇ. ಕಾಲಿಡೋಕೆ ಜಾಗ ಇರಲ್ಲ, ಎರಡೂ ಕಡೆಯ ಮಾತು ಕೇಳಿಸುತ್ತೆ.

“ಕಪ್ ಹೋಲ್ಡರ್ ನೋಡಿ. ಬಾಗಿಲಿಗೊಂದು, ನಡುವೆ ಎರಡು, ಹಿಂದೆ...” ಸೀನ ಬೆರಳು ಮಡಿಸಿ ಎಣಿಸತೊಡಗಿದ.

“ಇದೇನು ಮಹಾ,” ಅಂದರು ಮೇಷ್ಟ್ರು. “ಸುಬಾರು ಅಸೆಂಟ್ ಅಂತ ಒಂದು ಗಾಡಿ ಬಂತು. ಕೂರೋದು ಎಂಟು ಜನ, ಕಪ್ ಹೋಲ್ಡರ್ 19.”

“ಎಂಟು ಜನಕ್ಕೆ 19 ಲೋಟವೇ?” ಅಂದರು ಸುಬ್ಬಣ್ಣ. “ಹಾಗಾದ್ರೆ ಅರ್ಧರ್ಧ ಗಂಟೆಗೆ ಗಾಡಿ ತಾನೇ ನಿಂತು ಮರದ ಮರೆ ಹುಡುಕೋ ಫೀಚರ್ರೂ ಇರಬೇಕಲ್ಲ?”

ಪದ್ಮಕ್ಕ ಕಿಟಕಿ ಕಡೆ ತಿರುಗಿಕೊಂಡರು. ನಕ್ಕದ್ದು ಗಂಡನಿಗೆ ಕಾಣಬಾರದು, ಕಂಡರೆ ಇನ್ನೂ ಹತ್ತು ಹೇಳ್ತಾರೆ.

“ಸೆಕೆ ಕಣೋ ಸೀನ, ಗಾಳಿ ಸ್ವಲ್ಪ ಜಾಸ್ತಿ ಮಾಡು.”

ಸೀನ ಸ್ಕ್ರೀನು ಮುಟ್ಟಿದ. ನಕ್ಷೆ ಬಂತು. ನಕ್ಷೆ ಸರಿಸಿದ, ಹಾಡಿನ ಪಟ್ಟಿ ಬಂತು. ಅದನ್ನು ಸರಿಸಿದ, ಮತ್ತೆ 64 ಬಣ್ಣ. “ಒಂದು ನಿಮಿಷ, ಇಲ್ಲೇ ಇತ್ತು,” ಅಂದ, ಕನ್ನಡಕ ಕಳೆದುಕೊಂಡವನ ಧ್ವನಿಯಲ್ಲಿ.

“ನನ್ನ ಗಾಡಿಯಲ್ಲಿ ಒಂದು ಗುಂಡಿ ಇದೆ,” ಅಂದರು ಸುಬ್ಬಣ್ಣ. “ರಸ್ತೆ ನೋಡ್ತಾ ಕೈಯಲ್ಲಿ ತಡಕಿದ್ರೆ ಸಿಗುತ್ತೆ, ತಿರುಗಿಸಿದ್ರೆ ಗಾಳಿ. ಈ ಗಾಜಿನ ಮೇಲೆ ಎಷ್ಟು ತಡಕಿದ್ರೂ ಬೆರಳಿಗೆ ಗೊತ್ತಾಗೋದು ಒಂದೇ, ಇದು ಗಾಜು ಅಂತ.”

ಮೇಷ್ಟ್ರಿಗೆ ಹುರುಪು ಬಂತು. “2022ರಲ್ಲಿ ಸ್ವೀಡನ್ನಿನ ಒಂದು ಮೋಟಾರು ಪತ್ರಿಕೆ ಪರೀಕ್ಷೆ ಮಾಡಿತ್ತು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡಿಸ್ತಾ ನಾಲ್ಕು ಕೆಲಸ ಮಾಡಬೇಕು. ರೇಡಿಯೊ ಹಾಕೋದು, ಸೀಟು ಬಿಸಿ ಮಾಡೋದು, ಇಂಥವು. ಬರೀ ಗುಂಡಿಗಳಿದ್ದ 2005ರ ಹಳೇ ವೋಲ್ವೊದಲ್ಲಿ 10 ಸೆಕೆಂಡಿಗೆ ಮುಗೀತು. ಸ್ಕ್ರೀನಿನ ಹೊಸ ಗಾಡಿಗಳ ಪೈಕಿ ಅತಿ ನಿಧಾನದ್ದಕ್ಕೆ 44 ಸೆಕೆಂಡಿನ ಮೇಲಾಯ್ತು. ಅಷ್ಟರಲ್ಲಿ ಗಾಡಿ ಒಂದೂಕಾಲು ಕಿಲೋಮೀಟರ್ ದಾಟಿತ್ತು.”

“ಅಂದ್ರೆ ಈ ಊರಲ್ಲಿ ಸೆಕೆ ಅಂತ ಬೆರಳಿಟ್ರೆ ಗಾಳಿ ಬರೋದು ಮುಂದಿನ ಊರಲ್ಲಿ.”

“ಅದಕ್ಕೇ ಯೂರೋ ಎನ್‌ಸಿಎಪಿಯವರು, ಯುರೋಪಿನಲ್ಲಿ ಗಾಡಿಗಳ ಸುರಕ್ಷತೆ ಪರೀಕ್ಷಿಸಿ ಅಂಕ ಕೊಡೋರು, ನಿಯಮ ಬದಲಾಯಿಸಿದ್ದು. 2026ರಿಂದ ಇಂಡಿಕೇಟರ್, ವೈಪರ್, ಹಾರನ್ ಇಂಥವಕ್ಕೆ ಕೈಗೆ ಸಿಗೋ ನಿಜವಾದ ಗುಂಡಿ ಇಲ್ಲದಿದ್ರೆ ಪೂರ್ತಿ ಅಂಕ ಇಲ್ಲ.”

“ನೋಡಿದ್ಯಾ, ಸುತ್ತಿ ಸುತ್ತಿ ಗುಂಡಿಗೇ ಬಂದ್ರು,” ಅಂತ ಸುಬ್ಬಣ್ಣ ಸೀಟಿಗೆ ಒರಗಿದರು. ಈ ವಾದದಲ್ಲಿ ಅವರಿಗೆ ಇಷ್ಟು ಬೇಗ ಗೆಲುವು ಸಿಕ್ಕಿದ್ದು ನನಗೂ ಸ್ವಲ್ಪ ಬೇಸರವೇ.

ಸೀನ ಬಿಡಲಿಲ್ಲ. “ಗ್ಲವ್ ಬಾಕ್ಸ್ ನೋಡಿ ಸಾರ್, ಹಿಡಿನೇ ಇಲ್ಲ. ಸ್ಕ್ರೀನಲ್ಲಿ ಒತ್ತಿದ್ರೆ ತೆರೆದುಕೊಳ್ಳುತ್ತೆ.” ಒತ್ತಿದ. ಕಿಟಕಿಯ ಗಾಜು ಇಳಿಯಿತು.

“ಪುಸ್ತಕ ಓದೋ,” ಅಂದರು ಪದ್ಮಕ್ಕ. “ಗಾಡಿ ಜೊತೆ ಒಂದು ಪುಸ್ತಕ ಕೊಟ್ಟಿರ್ತಾರಲ್ಲ, ಎಲ್ಲಿದೆ?”

“ಗ್ಲವ್ ಬಾಕ್ಸ್ ಒಳಗೆ, ಪದ್ಮಕ್ಕ.”

ಒಂದು ಕ್ಷಣ ಯಾರೂ ಮಾತಾಡಲಿಲ್ಲ.

“ನಾನು ಫೀಚರ್‌ಗಳ ವೈರಿಯಲ್ಲ ಕಣೋ,” ಸುಬ್ಬಣ್ಣನ ದನಿ ಮೆತ್ತಗಾಯಿತು. “ಪೆಟ್ರೋಲ್ ಮುಳ್ಳಿನ ಪಕ್ಕ ಒಂದು ಪುಟ್ಟ ಬಾಣ ಇರುತ್ತಲ್ಲ, ಟ್ಯಾಂಕಿನ ಮುಚ್ಚಳ ಯಾವ ಕಡೆ ಅಂತ ತೋರಿಸೋಕೆ? ಅದನ್ನ ಕಂಡ್ರೆ ಕೈ ಮುಗಿಯೋಣ ಅನ್ಸುತ್ತೆ.”

“ಫೋರ್ಡ್‌ನಲ್ಲಿದ್ದ ಜಿಮ್ ಮೊಯ್ಲನ್ ಅನ್ನೋರದ್ದು ಅದು,” ಅಂದರು ಮೇಷ್ಟ್ರು. “1986. ಕಂಪನಿಯ ಗಾಡಿ ತಗೊಂಡು ಪೆಟ್ರೋಲ್ ಹಾಕಿಸೋಕೆ ಹೋದ್ರಂತೆ, ಮಳೆ. ತಪ್ಪು ಕಡೆ ನಿಲ್ಲಿಸಿ, ಇಳಿದು, ತೊಯ್ದು, ಮತ್ತೆ ತಿರುಗಿಸಿ ನಿಲ್ಲಿಸಿದ್ರು. ವಾಪಸ್ ಬಂದು ಒಂದು ಟಿಪ್ಪಣಿ ಬರೆದು ಕೊಟ್ರು. ಮೂರು ವರ್ಷದೊಳಗೆ ಗಾಡಿಗಳಲ್ಲಿ ಬಾಣ ಬಂತು.”

“ಅಷ್ಟೇ ನೋಡು. ಅದು ಮಳೇಲಿ ನೆನೆದವನು ಮಾಡಿದ್ದು. ನಿನ್ನ 64 ಬಣ್ಣ ಏಸಿ ರೂಮಲ್ಲಿ ಕೂತವರು ಮಾಡಿದ್ದು.”

ಕೊನೆಗೂ ಗಾಡಿ ಹೊರಟಿತು. ಹತ್ತು ಅಡಿ ಹೋಗಿಲ್ಲ, ಟಿಣ್ ಟಿಣ್ ಟಿಣ್. ನಡುವಿನ ಸೀಟಿನವರು ಬೆಲ್ಟ್ ಹಾಕಿಲ್ಲವಂತೆ. ನಾನು ಬೆಲ್ಟ್ ಎಳೆದುಕೊಂಡೆ, ಸಿಕ್ಕಿಸೋಕೆ ಬಕಲ್ ಕಾಣಲಿಲ್ಲ. ಸೀಟಿನ ಸಂದಿಯಲ್ಲಿ ಬೆರಳು ತೂರಿಸಿ ಹುಡುಕಿದೆ. ಅದು ಸುಬ್ಬಣ್ಣನ ಅಡಿಯಲ್ಲಿತ್ತು. ಏಳೋವರೆಗೆ ತಾವು ಕೂತದ್ದು ಯಾವುದರ ಮೇಲೆ ಅಂತ ಅವರಿಗೂ ಗೊತ್ತಿರಲಿಲ್ಲ.

“ನಿನ್ನೆಯೂ ಹೀಗೇ ಬಡ್ಕೊಂಡಿತು,” ಅಂದ ಸೀನ. “ಮೇಷ್ಟ್ರ ಪುಸ್ತಕದ ಮೂಟೇನ ಮುಂದಿನ ಸೀಟಲ್ಲಿ ಇಟ್ಟಿದ್ದೆ. ಮನುಷ್ಯ ಅಂದ್ಕೊಂಡು ಒಂದೇ ಸಮ ಟಿಣ್ ಟಿಣ್. ಕೊನೆಗೆ ಮೂಟೆಗೇ ಬೆಲ್ಟ್ ಹಾಕ್ದೆ.”

“ಬುದ್ಧಿಯೆಲ್ಲ ಆ ಕಡೆ ಸೀಟಲ್ಲಿದ್ದದ್ದಕ್ಕೆ ಅದನ್ನ ಮನುಷ್ಯ ಅಂದ್ಕೊಂಡಿದೆ. ಓಡಿಸ್ತಿದ್ದೋನನ್ನ ಏನಂದ್ಕೊಂಡಿತೋ.”

“ಇವನು ತಿಳಿಯದೆ ಮಾಡಿದ್ರೂ ಮಾಡಿದ್ದು ಸರಿ,” ಅಂದರು ಮೇಷ್ಟ್ರು. “ಮೂಟೆ ಸೀಟಿನ ಮೇಲೇ ಇರಬೇಕು ಅಂದ್ರೆ ಬೆಲ್ಟಲ್ಲೇ ಇರಬೇಕು.”

“ಸದ್ದು ನಿಲ್ಲಿಸೋಕೆ ಒಂದು ಕ್ಲಿಪ್ ಸಿಗುತ್ತಂತೆ ಸಾರ್. ಬೆಲ್ಟಿಲ್ಲ, ಬರೀ ನಾಲಿಗೆ. ಬಕಲ್‌ಗೆ ಸಿಕ್ಕಿಸಿದ್ರೆ ಗಾಡಿ ಸುಮ್ಮನಾಗುತ್ತೆ.”

ಮೇಷ್ಟ್ರು ಪೂರ್ತಿ ಹಿಂದೆ ತಿರುಗಿದರು, ಅವರಿಗೆ ನಿಜಕ್ಕೂ ಸಿಟ್ಟು ಬಂದಿತ್ತು. “ಈ ಮೂರು ಕಡೆ ಹಿಡಿಯೋ ಬೆಲ್ಟನ್ನ ವೋಲ್ವೊದ ನಿಲ್ಸ್ ಬೋಲಿನ್ 1959ರಲ್ಲಿ ಗಾಡಿಗೆ ತಂದ್ರು. ಪೇಟೆಂಟ್ ಇಟ್ಕೊಂಡು ಕೂತಿದ್ರೆ ದುಡ್ಡಿನ ಹೊಳೆ ಹರೀತಿತ್ತು. ಕಂಪನಿ ಎಲ್ಲರೂ ಬಳಸಿಕೊಳ್ಳಿ ಅಂತ ಬಿಟ್ಟುಕೊಡ್ತು.”

“ಅಲ್ಲೇ ತಪ್ಪಿದ್ದು,” ಅಂದರು ಸುಬ್ಬಣ್ಣ. “ಪ್ರಾಣ ಉಳಿಸೋದನ್ನ ಬಿಟ್ಟಿ ಕೊಟ್ರು. ಅದಕ್ಕೇ ಜನ ಅದರ ಬಾಯಿ ಮುಚ್ಚಿಸೋಕೆ ದುಡ್ಡು ಕೊಡ್ತಾರೆ.”

ಅಷ್ಟರಲ್ಲಿ ಒಂದು ಚೆಂಡು ರಸ್ತೆಗೆ ಉರುಳಿಬಂತು. ಸೀನ ಬ್ರೇಕ್ ಒತ್ತಿದ. ಹೇಳಿಕೊಳ್ಳುವಂಥ ವೇಗವೇನೂ ಇರಲಿಲ್ಲ. ಆದರೂ ನಮ್ಮ ತಲೆಯ ಹಿಂದೆ, ಪಾರ್ಸೆಲ್ ಟ್ರೇ ಮೇಲಿದ್ದ ಸ್ಟೀಲ್ ಬಾಟಲಿ ನನ್ನ ಕಿವಿ ಸವರಿಕೊಂಡು ಹೋಗಿ ಗೇರಿನ ಪಕ್ಕ ಬಿತ್ತು, ಅಲ್ಲಿಂದ ಉರುಳಿ ಸೀನನ ಕಾಲ ಬುಡಕ್ಕೆ ಹೋಯಿತು. ಅದೇ ಹೊತ್ತಿಗೆ ನನ್ನ ಬೆನ್ನಿಗೆ ಹಿಂದಿನಿಂದ ಯಾರೋ ಗುದ್ದಿದ ಹಾಗಾಯಿತು. ಮೇಷ್ಟ್ರ ಪುಸ್ತಕದ ಮೂಟೆ. ನಿನ್ನೆ ಬೆಲ್ಟ್ ಹಾಕಿಸಿಕೊಂಡು ಮೆರೆದದ್ದು ಇವತ್ತು ಡಿಕ್ಕಿಯಲ್ಲಿ ಬಿಡುಬೀಸಾಗಿತ್ತು.

“ಇಳಿಯೋ,” ಅಂದರು ಪದ್ಮಕ್ಕ. ಆ ಒಂದು ಮಾತಿಗೆ ಗಾಡಿ ರಸ್ತೆ ಬದಿಗೆ ನಿಂತಿತು, ಸೀನ ಇಳಿದ. ಬಾಟಲಿ ಅವನ ಕೈಯಲ್ಲಿತ್ತು. “ಇದು ಬ್ರೇಕ್ ಪೆಡಲ್ಲಿನ ಅಡಿಗೆ ಹೋಗಿದ್ರೆ?” ಅಂತ ಕೇಳಿದರು. ಅವನು ಉತ್ತರ ಹೇಳಲಿಲ್ಲ.

ಮೇಷ್ಟ್ರು ಲೆಕ್ಕ ಹಾಕಿಯಾಗಿತ್ತು. “ಗಂಟೆಗೆ 50 ಕಿಲೋಮೀಟರಲ್ಲಿ ಹೋಗ್ತಿದ್ದ ಗಾಡಿ ಏನಕ್ಕಾದ್ರೂ ಗುದ್ದಿ ನಿಂತರೆ ಬಾಟಲಿ ನಿಲ್ಲಲ್ಲ, ಅದೇ 50ರಲ್ಲಿ ಮುಂದೆ ಹೋಗುತ್ತೆ. ಸುಮಾರು 10 ಮೀಟರ್ ಎತ್ತರದಿಂದ ತಲೆ ಮೇಲೆ ಬಿದ್ದಷ್ಟು ಪೆಟ್ಟು. ಮೂರನೇ ಮಹಡಿ ಅನ್ನಿ. ವೇಗ 100 ಆದ್ರೆ ಎತ್ತರ ನಾಲ್ಕು ಪಟ್ಟು.”

“ಡಿಕ್ಕಿ ಅಂತ ಹೆಸರಿಟ್ಟೋರು ಸುಮ್ಮನೆ ಇಟ್ಟಿಲ್ಲ. ನಾವು ಮುಂದೆ ಹೊಡೀತೀವಿ, ಅದು ಹಿಂದಿನಿಂದ ಹೊಡೆಯುತ್ತೆ.”

“ಅದು ಬೇರೆ ಸುಬ್ಬಣ್ಣ. ಕುದುರೆ ಗಾಡಿಗೆ ಹೊರಗಡೆ ಒಂದು ಸೀಟು ಇರ್ತಿತ್ತು, ಡಿಕಿ ಸೀಟ್ ಅಂತ. ಆಮೇಲೆ...”

“ಮೇಷ್ಟ್ರೇ, ಪ್ರಾಸ ಚೆನ್ನಾಗಿ ಕೂತಿದೆ, ಎಬ್ಬಿಸಬೇಡಿ.”

ಪದ್ಮಕ್ಕ ಡಿಕ್ಕಿ ತೆಗೆದು, ಸೆರಗು ಸಿಕ್ಕಿಸಿ ನಿಂತರು. ಮೂಟೆಯನ್ನು ತಳಕ್ಕೆ ಇಳಿಸಿ, ಸೀಟಿನ ಬೆನ್ನಿಗೆ ಒತ್ತಿ ಕೂರಿಸಿದರು. ಜಾಕಿಯ ಪೆಟ್ಟಿಗೆ ಅದರ ಪಕ್ಕ. ಹಗುರದ ಚೀಲಗಳು ಮೇಲೆ, ಅದೂ ಸೀಟಿನ ಬೆನ್ನಿಗಿಂತ ಎತ್ತರವಾಗದ ಹಾಗೆ. ಆಮೇಲೆ ತಳದ ಮೂಲೆಯಲ್ಲಿ ಮಡಚಿಕೊಂಡಿದ್ದ ಒಂದು ಕಬ್ಬಿಣದ ಬಳೆಯನ್ನು ಉಗುರಲ್ಲಿ ಎಬ್ಬಿಸಿ ತೋರಿಸಿದರು. “ಇಂಥವು ನಾಲ್ಕಿವೆ. ಏನಕ್ಕೆ ಗೊತ್ತಾ?”

“ಚೀಲ ನೇತು ಹಾಕೋಕಾ?”

“ನೆಲದಲ್ಲಿ ನೇತು ಹಾಕ್ತೀಯಾ? ಹಗ್ಗ ಕಟ್ಟೋಕೆ ಕಣೋ, ಸಾಮಾನು ಅಲ್ಲಾಡದ ಹಾಗೆ.”

“ಶೋರೂಮಲ್ಲಿ ಹೇಳಲೇ ಇಲ್ಲ.”

“ಅವಕ್ಕೆ ಬಣ್ಣ ಬದಲಾಗಲ್ಲವಲ್ಲ,” ಅಂದರು ಸುಬ್ಬಣ್ಣ.

ಹಗ್ಗ ಅಂದ ಮೇಲೆ ಹಾಸಿಗೆಯ ಕತೆ ಬರಲೇಬೇಕು. ನಾವೆಲ್ಲ ಅದನ್ನು ಎಷ್ಟು ಸಲ ಕೇಳಿದ್ದೇವೋ, ಆದರೂ ಮಗಳನ್ನು ಹಾಸ್ಟೆಲಿಗೆ ಬಿಡೋಕೆ ಹೋದ ಆ ಪ್ರಯಾಣವನ್ನು ಸುಬ್ಬಣ್ಣ ಪ್ರತಿ ಸಲವೂ ಮೊದಲ ಸಲದ ಹಾಗೇ ಹೇಳ್ತಾರೆ.

“ಹಾಸಿಗೆ ಟಾಪ್ ಮೇಲೆ ಹಾಕಿದೆ. ಹಗ್ಗಾನ ಈ ಕಿಟಕಿಯಿಂದ ತೂರಿಸಿ ಆ ಕಿಟಕಿಯಿಂದ ಎಳೆದು, ಮೂರು ಸುತ್ತು ಸುತ್ತಿ ಬಿಗಿದೆ. ಗಂಟು ಅಂದ್ರೆ ಗಂಟು! ಮೂವರೂ ಹೊರಗೇ ನಿಂತಿದ್ದೀವಿ, ಒಂದು ಬಾಗಿಲೂ ತೆಗೆಯೋಕೆ ಬರಲ್ಲ.”

“ಬಾಗಿಲು ತೆಗೆದು ಒಳಗಿಂದ ಹಾಯಿಸ್ರೀ ಅಂತ ಬಡ್ಕೊಂಡೆ,” ಅಂದರು ಪದ್ಮಕ್ಕ.

“ಕಿಟಕಿಯಿಂದ ನುಗ್ಗಿ ಕೂತ್ವಿ. ಇವಳು ಓಡಿಸ್ತಾಳೆ, ನಾನು ಕೈ ಹೊರಗೆ ಹಾಕಿ ಹಾಸಿಗೆ ಹಿಡ್ಕೊಂಡಿದ್ದೀನಿ.”

“ನಿಮ್ಮ ಕೈ ಏನು ಮಾಡುತ್ತೆ?” ಮೇಷ್ಟ್ರು ತಡೆಯಲಾರದೆ ಬಾಯಿ ಹಾಕಿದರು. “ವೇಗ ಎರಡರಷ್ಟಾದ್ರೆ ಗಾಳಿ ಎತ್ತೋ ಬಲ ನಾಲ್ಕರಷ್ಟು. ಅದು ಹಾರಿದ್ರೆ ನಿಮ್ಮನ್ನೂ ಎಳ್ಕೊಂಡು ಹೋಗ್ತಿತ್ತು. ಟಾಪ್ ಮೇಲೆ ಎಷ್ಟು ಭಾರ ಹಾಕಬಹುದು ಅಂತ ಪುಸ್ತಕದಲ್ಲೇ ಬರೆದಿರ್ತಾರೆ. ಅದರಲ್ಲಿ ಕ್ಯಾರಿಯರ್ ತೂಕವೂ ಸೇರಿರುತ್ತೆ.”

“ಪುಸ್ತಕ ಎಲ್ಲಿರುತ್ತೆ ಅಂತ ಸೀನ ಈಗ ತಾನೇ ಹೇಳಿದ್ನಲ್ಲ. ಇರಲಿ. ಅರ್ಧ ದಾರಿಗೆ ಪಂಕ್ಚರ್. ಸ್ಟೆಪ್ನಿ ಎಲ್ಲಿ? ಡಿಕ್ಕಿಯ ತಳದಲ್ಲಿ. ಅದರ ಮೇಲೆ ಏನು? ಪ್ರಪಂಚ. ಹಗ್ಗ ಬಿಚ್ಚಿ, ಹಾಸಿಗೆ ಇಳಿಸಿ, ಎಲ್ಲಾನೂ ರಸ್ತೆ ಬದಿಯಲ್ಲಿ ಹರಡಿದ್ವಿ. ಟ್ರಂಕು, ಬಕೆಟ್ಟು, ಟೇಬಲ್ ಲ್ಯಾಂಪು, ಒಂದು ಕಣ್ಣು ಕಿತ್ತುಹೋದ ಗೊಂಬೆ ಕರಡಿ. ಹಾಸ್ಟೆಲಿಗೆ ಕರಡಿ ಯಾಕೆ ಅಂದ್ರೆ, ಅಪ್ಪಾ ಅದು ಗೊತ್ತಾಗದೆ ಬಂದಿದೆ ಅಂದ್ಳು. ಗೊತ್ತಾಗದೆ ಬಂದದ್ದು ದಿಂಬಿನ ಕವರಿನೊಳಗೆ ಇತ್ತು.”

ಮೇಷ್ಟ್ರು ಸ್ಟೆಪ್ನಿ ಅನ್ನೋ ಹೆಸರು ವೇಲ್ಸ್‌ನ ಲನೆಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ ಬಂದದ್ದು, 1904ರಲ್ಲಿ ಅಂತ ಹೇಳಿದರು. ಯಾರೂ ಕೇಳಿಸಿಕೊಳ್ಳಲಿಲ್ಲ.

“ಮತ್ತೆ ತುಂಬಿ ಹೊರಟಾಗ ಕತ್ತಲೆ, ಈಗ ಓಡಿಸ್ತಿರೋದು ನಾನು. ಎದುರಿಗೆ ಬಂದವನೆಲ್ಲ ಲೈಟ್ ಮಿಟುಕಿಸಿ ಬೈತಾನೆ. ನಾನು ಡಿಮ್ಮಲ್ಲೇ ಇದ್ದೀನಿ! ಆಗ ಇವಳು, ಸ್ಟೀರಿಂಗ್ ಪಕ್ಕ 0, 1, 2, 3 ಅಂತ ಸಣ್ಣ ಚಕ್ರ ಇದೆಯಲ್ಲ, 3ಕ್ಕೆ ತಿರುಗಿಸ್ರೀ ಅಂದ್ಳು.”

“ಬೆಳಕು ಜಾಸ್ತಿಯಾಗೋಕಾ?” ಸೀನ ಕೇಳಿದ.

“ನಾನೂ ಹದಿನೈದು ವರ್ಷ ಹಾಗೇ ಅಂದ್ಕೊಂಡಿದ್ದೆ. ಹಿಂದೆ ಭಾರ ಬಿದ್ರೆ ಗಾಡಿ ಮೂತಿ ಎತ್ತುತ್ತೆ, ಲೈಟು ಎದುರಿನವನ ಕಣ್ಣಿಗೆ ಹೊಡೆಯುತ್ತೆ. ಚಕ್ರ ತಿರುಗಿಸಿದ್ರೆ ದೀಪ ತಲೆ ತಗ್ಗಿಸುತ್ತೆ, ಅಷ್ಟೇ.”

ಇಲ್ಲಿಗೆ ಕತೆ ಮುಗಿಯಬೇಕು. ಯಾವಾಗಲೂ ಇಲ್ಲೇ ನಗುತ್ತೇವೆ. ಇವತ್ತು ಸುಬ್ಬಣ್ಣ ಆ ಕಬ್ಬಿಣದ ಬಳೆಯನ್ನು ಬೆರಳಲ್ಲಿ ಮಡಚುತ್ತಾ, ಎಬ್ಬಿಸುತ್ತಾ ನಿಂತರು.

“ಅವಳನ್ನ ಬಿಟ್ಟು ರಾತ್ರಿಯೇ ವಾಪಸ್ ಹೊರಟ್ವಿ. ಡಿಕ್ಕಿ ಖಾಲಿ, ಟಾಪ್ ಖಾಲಿ. ರಸ್ತೆ ಮಾತ್ರ ಕಾಣ್ತಿಲ್ಲ. ಬೆಳಕು ಮೂಗಿನ ತುದಿಗೇ ಬೀಳ್ತಿದೆ. ಕಣ್ಣೊರೆಸಿಕೊಂಡೆ, ಗಾಜು ಒರೆಸಿದೆ. ಊಹೂಂ. ವಯಸ್ಸಾಯ್ತು ಕಣೇ, ಕಣ್ಣು ಹೋಯ್ತು ಅಂದೆ ಇವಳಿಗೆ.”

“3ರಲ್ಲೇ ಇತ್ತು,” ಅಂದರು ಪದ್ಮಕ್ಕ. “0ಗೆ ತಿರುಗಿಸ್ರೀ, ಈಗ ಭಾರ ಇಲ್ಲ ಅಂದೆ.”

ಯಾರೋ ಡಿಕ್ಕಿ ಮುಚ್ಚಿದರು. ಮತ್ತೆ ಹತ್ತಿದೆವು. ಬಾಟಲಿ ಈ ಸಲ ಬಾಗಿಲಿನ ಹೋಲ್ಡರಿನಲ್ಲಿತ್ತು. 64ರ ಮಾತು ಸೀನ ಎತ್ತಲಿಲ್ಲ. ಗಾಳಿ ಮಾತ್ರ ಎಲ್ಲಿಂದಲೋ ತಾನಾಗಿ ಜೋರಾಗಿ ಬರತೊಡಗಿತು. ಹುಡುಕಿದಾಗ ಒತ್ತಿದ್ದು ಈಗ ತಲುಪಿತೇನೋ.

ಸುಬ್ಬಣ್ಣನ ಮನೆ ಮುಂದೆ ಗಾಡಿ ನಿಂತಿತು. ಸೀನ ಎಂಜಿನ್ ಆರಿಸಿದ. ಸ್ಕ್ರೀನು ಮಿನುಗಿತು, ಟಿಣ್ ಅಂತ ಒಂದು ಮೆಲ್ಲನೆಯ ಸದ್ದು.

“ಹಿಂದಿನ ಸೀಟು ನೋಡಿ ಅಂತಿದೆ,” ಅಂದ ಸೀನ. “ಮಕ್ಕಳನ್ನ ಮರೆತು ಹೋಗಬಾರದು ಅಂತ. ಹೊರಡೋ ಮುಂಚೆ ಹಿಂದಿನ ಬಾಗಿಲು ತೆಗೆದಿದ್ರೆ ನಿಲ್ಲಿಸಿದಾಗ ನೆನಪಿಸುತ್ತೆ. ಒಳಗೆ ಇರೋದು ಯಾರು ಅಂತ ಅದಕ್ಕೆ ಗೊತ್ತಾಗಲ್ಲ.”

ಸುಬ್ಬಣ್ಣ ಮುಂದೆ ಬಾಗಿದರು. ಎರಡು ಸೀಟುಗಳ ನಡುವೆ ತಲೆ ತೂರಿಸಿ ಸ್ಕ್ರೀನಿಗೇ ಹೇಳಿದರು:

“ಇದ್ದೀವಪ್ಪಾ. ಇಲ್ಲೇ ಇದ್ದೀವಿ.”

ಪದ್ಮಕ್ಕ ಬೆಲ್ಟ್ ಬಿಚ್ಚಲು ಬಕಲ್ ತಡಕುತ್ತಿದ್ದರು. “ಸ್ವಲ್ಪ ಏಳ್ರೀ,” ಅಂದರು.