ಫಿಂಚ್ ಹಕ್ಕಿಯ ಕಾಲಿಗೆ ತೀವ್ರ ಪೆಟ್ಟಾಗಿದೆ, ಅನುಭವವಿರುವವರು ದಯವಿಟ್ಟು ತಿಳಿಸಿ

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ವರ್ಷಗಳಿಂದ ಒಂದು ಜೋಡಿ ಜೀಬ್ರಾ ಫಿಂಚ್‌ಗಳಿವೆ. ನಿನ್ನೆ ಸಂಜೆ ಗಂಡು ಹಕ್ಕಿಯ ಬಲಗಾಲು ಗೂಡಿನ ನಾರಿಗೆ ಸಿಕ್ಕಿ, ಅದು ತಲೆಕೆಳಗಾಗಿ ನೇತಾಡುತ್ತಿತ್ತು. ನಾರು ಕತ್ತರಿಸಿ ಬಿಡಿಸಿದೆವು. ಈಗ ಕಾಲು ಊದಿದೆ, ಬೆರಳುಗಳು ಕಪ್ಪಾಗುತ್ತಿವೆ, ಹಕ್ಕಿ ಮೂಲೆಯಲ್ಲಿ ಗರಿ ಉಬ್ಬಿಸಿಕೊಂಡು ಕುಳಿತಿದೆ. ನಮ್ಮ ಊರಿನ ಪಶುವೈದ್ಯರು ದನ, ನಾಯಿಗಳನ್ನಷ್ಟೇ ನೋಡುತ್ತಾರಂತೆ. ಅರಿಶಿನ ಹಚ್ಚಬಹುದೇ? ಕಾಲು ಹೋದರೆ ಹಕ್ಕಿ ಬದುಕುತ್ತದೆಯೇ?

ಮೊದಲ ಉತ್ತರ:

ಮೇಡಂ, ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನಮ್ಮ ಮನೆಯಲ್ಲಿದ್ದ ಹೆಣ್ಣು ಫಿಂಚ್ ಕಣ್ಣ ಮುಂದೆ ಬಂದಿತು. ಅದರ ಕಾಲಿಗೂ ಹೀಗೆಯೇ ಸೆಣಬಿನ ಎಳೆ ಸುತ್ತಿಕೊಂಡಿತ್ತು. ಅದು ಒಂದು ಕಾಲನ್ನು ಕಳೆದುಕೊಂಡಿತು, ಆಮೇಲೂ ನಾಲ್ಕು ವರ್ಷ ನಮ್ಮೊಡನೆ ಇತ್ತು. ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಕಾಲು ಹೋದರೂ ಹಕ್ಕಿ ಬದುಕಬಲ್ಲದು. ಈ ಮೊದಲ ಎರಡು ದಿನಗಳಲ್ಲಿ ಅದರ ಜೀವಕ್ಕೆ ಕಾಲಿನ ಗಾಯಕ್ಕಿಂತಲೂ ಹೆಚ್ಚಿನ ಅಪಾಯ ತರುವುವು ಚಳಿ, ಹಸಿವು ಮತ್ತು ಗಾಬರಿ.

ಜೀಬ್ರಾ ಫಿಂಚ್‌ನ ತೂಕ ಸುಮಾರು 12 ಗ್ರಾಂ. ಅದರ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ಒಂದು ಮಿಲಿಲೀಟರಿಗಿಂತ ತುಸು ಹೆಚ್ಚಾಗಬಹುದು, ಅಷ್ಟೆ. ನಮಗೆ ಲೆಕ್ಕಕ್ಕೇ ಬಾರದ ನಾಲ್ಕೈದು ಹನಿ ರಕ್ತ ಅದಕ್ಕೆ ದೊಡ್ಡ ನಷ್ಟ. ಗರಿ ಉಬ್ಬಿಸಿಕೊಂಡು ಕುಳಿತಿದೆ ಎಂದರೆ ಮೈಯ ಬಿಸಿ ಉಳಿಸಿಕೊಳ್ಳಲು ಹೆಣಗುತ್ತಿದೆ ಎಂದೇ ತಿಳಿಯಿರಿ. ಈಗಲೇ ಅದನ್ನು ಒಂದು ಸಣ್ಣ ಪಂಜರಕ್ಕೆ ಅಥವಾ ಗಾಳಿಯಾಡುವ ರಟ್ಟಿನ ಪೆಟ್ಟಿಗೆಗೆ ಬದಲಾಯಿಸಿ, ಕೂರುವ ಕಡ್ಡಿಗಳನ್ನೆಲ್ಲ ತೆಗೆದು, ನೆಲಕ್ಕೆ ಬಿಳಿ ಟಿಶ್ಯೂ ಕಾಗದ ಹಾಸಿ. ಬಿಳಿ ಕಾಗದದ ಮೇಲೆ ರಕ್ತವೂ ಹಿಕ್ಕೆಯೂ ಸ್ಪಷ್ಟವಾಗಿ ಕಾಣುತ್ತವೆ. ಟರ್ಕಿ ಟವೆಲ್ ಮಾತ್ರ ಬೇಡ, ಅದರ ಎಳೆಗಳಿಗೆ ಇನ್ನೊಂದು ಕಾಲಿನ ಉಗುರೂ ಸಿಕ್ಕಿಕೊಳ್ಳುತ್ತದೆ. ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಪಕ್ಕಕ್ಕೆ ಮಾತ್ರ ಇಟ್ಟರೆ, ಸೆಕೆ ಎನಿಸಿದಾಗ ಹಕ್ಕಿ ತಾನಾಗಿಯೇ ಇನ್ನೊಂದು ಪಕ್ಕಕ್ಕೆ ಸರಿಯುತ್ತದೆ. ಒಳಗೆ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿದ್ದರೆ ಸಾಕು. ನವಣೆಯನ್ನು ನೆಲದ ಮೇಲೆಯೇ ಚೆಲ್ಲಿ, ನೀರನ್ನು ಡಬ್ಬಿಯ ಮುಚ್ಚಳದಂತಹ ತಗ್ಗಾದ ವಸ್ತುವಿನಲ್ಲಿ ಕೊಡಿ, ಮೂರು ಬದಿಗೂ ಬಟ್ಟೆ ಮುಚ್ಚಿ.

ಹಕ್ಕಿ ಒಂದೆರಡು ಗಂಟೆ ಬೆಚ್ಚಗಿದ್ದು ಕಾಳು ತಿಂದ ಮೇಲೆ ಕಾಲನ್ನು ಮತ್ತೊಮ್ಮೆ ಪರೀಕ್ಷಿಸಿ. ನಾವು ಎಡವಿದ್ದು ಇಲ್ಲಿಯೇ. ಕಣ್ಣಿಗೆ ಕಂಡ ನಾರನ್ನೆಲ್ಲ ಕತ್ತರಿಸಿ, ಕೆಲಸ ಮುಗಿಯಿತೆಂದು ಸುಮ್ಮನಾಗಿದ್ದೆವು. ಮರುದಿನ ಮೊಬೈಲ್ ಟಾರ್ಚಿನ ಬೆಳಕಿನಲ್ಲಿ, ನಮ್ಮ ತಂದೆಯವರು ಪಂಚಾಂಗ ಓದಲು ಬಳಸುತ್ತಿದ್ದ ಭೂತಗನ್ನಡಿ ಹಿಡಿದು ನೋಡಿದಾಗ, ಬೆರಳುಗಳಿಗಿಂತ ಸ್ವಲ್ಪ ಮೇಲೆ ಬಿಗಿಯಾದ ಬಳೆ ತೆಗೆದ ಮೇಲೆ ಉಳಿಯುವಂತಹ ಒಂದು ಗೆರೆ ಕಂಡಿತು. ಆ ಗೆರೆಯೊಳಗೆ, ಊದಿದ ಚರ್ಮದಡಿ ಕೂದಲಿಗಿಂತ ತೆಳುವಾದ ಒಂದೇ ಒಂದು ಎಳೆ ಹುದುಗಿತ್ತು. ಗೆರೆಯ ಮೇಲಿನ ಕಾಲು ಕಿತ್ತಳೆ ಬಣ್ಣದಲ್ಲಿದ್ದರೆ ಕೆಳಗಿನದು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಂತಹ ಎಳೆಯೇನಾದರೂ ಕಂಡರೆ ಎಳೆಯಬೇಡಿ. ಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಸಣ್ಣ ಕತ್ತರಿಯ ತುದಿಗೆ ಸುಲಭವಾಗಿ ಸಿಕ್ಕಿದರೆ ಮಾತ್ರ ಕತ್ತರಿಸಿ, ಇಲ್ಲದಿದ್ದರೆ ವೈದ್ಯರಿಗೇ ಬಿಡಿ. ಹಿಡಿಯುವಾಗ ಕುತ್ತಿಗೆ ನಿಮ್ಮ ತೋರುಬೆರಳು ಮತ್ತು ನಡುಬೆರಳಿನ ನಡುವೆ ಬರಲಿ, ಎದೆಯನ್ನು ಒತ್ತಬೇಡಿ. ಹಕ್ಕಿಗಳಿಗೆ ನಮ್ಮಂತೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವೆ ಉಸಿರಾಟಕ್ಕೆ ನೆರವಾಗುವ ಸ್ನಾಯು, ಇಲ್ಲ, ಎದೆಯ ಮೂಳೆ ಆಡಿದರಷ್ಟೇ ಅವುಗಳಿಗೆ ಉಸಿರು.

ಅರಿಶಿನವನ್ನು ಹಚ್ಚದಿರುವುದೇ ಒಳ್ಳೆಯದು. ಹಕ್ಕಿ ಅದನ್ನು ಕೊಕ್ಕಿನಿಂದ ಕೆದಕುತ್ತದೆ, ಮೇಲಾಗಿ ಹಳದಿ ಬಣ್ಣದಡಿಯಲ್ಲಿ ಕಾಲು ಕಪ್ಪಾಗುತ್ತಿರುವುದು ನಿಮಗೆ ಕಾಣುವುದಿಲ್ಲ. ನಾನು ಒಳ್ಳೆಯದಾಗಲೆಂದೇ ಮನೆಯಲ್ಲಿದ್ದ ಮುಲಾಮನ್ನು ಹಚ್ಚಿದ್ದೆ. ಅದರ ಜಿಡ್ಡು ಹೊಟ್ಟೆಯ ಗರಿಗಳಿಗೆಲ್ಲ ಹರಡಿ, ಗರಿಗಳು ಅಂಟಿಕೊಂಡು, ಹಕ್ಕಿ ಇಡೀ ರಾತ್ರಿ ನಡುಗಿತು. ಆ ರಾತ್ರಿಯ ನೋವು ನನಗೆ ಇಂದಿಗೂ ಹೋಗಿಲ್ಲ. ಉಪ್ಪುನೀರು, ಅಂದರೆ ಔಷಧದಂಗಡಿಯ ಸಲೈನ್‌ನಿಂದ ಮೆಲ್ಲನೆ ತೊಳೆದರೆ ಸಾಕು. ಮನುಷ್ಯರ ನೋವಿನ ಮಾತ್ರೆಯ ಚೂರನ್ನೂ ಕೊಡಬೇಡಿ.

ಬೆರಳುಗಳು ಕಪ್ಪಾಗುತ್ತಿರುವುದರಿಂದ ವೈದ್ಯರನ್ನು ಕಾಣಲೇಬೇಕು. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮಗೆ ಹತ್ತಿರವಾದ ಕಾಲೇಜಿಗೆ ಫೋನ್ ಮಾಡಿ, ಹಕ್ಕಿಗಳನ್ನು ನೋಡುವವರು ಯಾವ ದಿನ ಸಿಗುತ್ತಾರೆಂದು ಕೇಳಿಕೊಂಡೇ ಹೊರಡಿ. ನಮ್ಮ ಹಕ್ಕಿಗೆ ವೈದ್ಯರು ಅದರ ತೂಕ ನೋಡಿ ನೋವು, ಊತ ಇಳಿಸುವ ಮೆಲೊಕ್ಸಿಕ್ಯಾಮ್ ಹನಿಯನ್ನೂ ಒಂದು ಆಂಟಿಬಯಾಟಿಕ್ಕನ್ನೂ ಕೊಟ್ಟರು. ಹತ್ತು ದಿನಗಳಲ್ಲಿ ಪಾದ ಒಣಗಿದ ಕಡ್ಡಿಯಂತಾಯಿತು, ಜೀವವಿದ್ದ ಭಾಗ ಎಲ್ಲಿಗೆ ನಿಲ್ಲುತ್ತದೆಂಬುದು ಖಚಿತವಾದ ಮೇಲೆ ಅವರೇ ಅದನ್ನು ತೆಗೆದರು. ಅಲ್ಲಿಯವರೆಗೆ ನಾವು ಚಿನ್ನ ತೂಗುವಂತಹ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಪ್ರತಿದಿನ ಬೆಳಿಗ್ಗೆ ಹಕ್ಕಿಯನ್ನು ತೂಗುತ್ತಿದ್ದೆವು. ಒಂದು ಗ್ರಾಂ ಇಳಿದರೂ ಅದು ಸರಿಯಾಗಿ ತಿನ್ನುತ್ತಿಲ್ಲವೆಂದು ತಿಳಿದು ಅಂದೇ ವೈದ್ಯರಿಗೆ ಹೇಳಬೇಕು.

ಆಮೇಲಿನ ಜೋಪಾನವೆಲ್ಲ ಉಳಿದ ಇನ್ನೊಂದು ಕಾಲಿನದು. ಇಡೀ ಭಾರ ಅದರ ಮೇಲೆಯೇ ಬೀಳುವುದರಿಂದ ಅಂಗಾಲು ಮೊದಲು ಕೆಂಪಾಗಿ ನಯವಾಗುತ್ತದೆ, ಅಲಕ್ಷಿಸಿದರೆ ಹುಣ್ಣಾಗುತ್ತದೆ. ನಾವು ಅಂಗೈ ಅಗಲದ ಹಲಗೆಯೊಂದನ್ನು ಪಂಜರದೊಳಗೆ ತಗ್ಗಾಗಿ ಕಟ್ಟಿ, ಮೇಲೆ ಮೆತ್ತನೆಯ ಹತ್ತಿ ಬಟ್ಟೆ ಹೊದಿಸಿ, ಎರಡು ದಿನಕ್ಕೊಮ್ಮೆ ಬದಲಾಯಿಸುತ್ತಿದ್ದೆವು. ಮೊದಲ ವಾರ ಅದು ಇಳಿಯುವಾಗಲೆಲ್ಲ ಎದೆಯ ಮೇಲೆ ಬೀಳುತ್ತಿತ್ತು. ಮೂರನೆಯ ವಾರದ ಹೊತ್ತಿಗೆ ರೆಕ್ಕೆಯನ್ನು ಊರುಗೋಲಿನಂತೆ ಸ್ವಲ್ಪ ಬಿಚ್ಚಿ, ಸರಿಯಾಗಿ ಹಲಗೆಯ ನಡುವೆ ಇಳಿಯುವುದನ್ನು ಕಲಿತಿತ್ತು.

ಎರಡನೆಯ ಉತ್ತರ:

ಮೇಲಿನ ಉತ್ತರದಲ್ಲಿ ಹೇಳಿರುವುದನ್ನು ನಾನೂ ಒಪ್ಪುತ್ತೇನೆ. ಜೊತೆಗೆ ಇಷ್ಟನ್ನು ಸೇರಿಸುತ್ತೇನೆ: ತಲೆಕೆಳಗಾಗಿ ನೇತಾಡಿ ಒದ್ದಾಡಿದ ಹಕ್ಕಿಯ ಮೂಳೆಯೂ ಮುರಿದಿರಬಹುದು. ನಮ್ಮ ಫಿಂಚ್‌ನ ಕಾಲು ಪಂಜರದ ಬಾಗಿಲಿಗೆ ಸಿಕ್ಕಿ ಮುರಿದಾಗ, ವೈದ್ಯರು ಕಾಲನ್ನು ಎರಡು ಟೇಪಿನ ತುಂಡುಗಳ ನಡುವೆ ಇರಿಸಿ ಒತ್ತಿ ಅಂಟಿಸಿದ್ದರು. ಅಷ್ಟು ಹಗುರವಾದ ಪಟ್ಟಿಯೇ ಈ ಹಕ್ಕಿಗೆ ಸಾಕಾಗುತ್ತದೆ. ಮೂರು ವಾರದೊಳಗೆ ಮೂಳೆ ಕೂಡಿತು. ಆದರೆ ನಿಮ್ಮ ಹಕ್ಕಿಯ ಕಾಲಿಗೆ ರಕ್ತ ಹರಿಯುವುದೇ ಅನುಮಾನವಾಗಿರುವಾಗ ಮನೆಯಲ್ಲಿ ಯಾವ ಪಟ್ಟಿಯನ್ನೂ ಕಟ್ಟಬೇಡಿ.

ಇನ್ನೊಂದು ವಿಷಯ, ಜೋಡಿಯನ್ನು ಪೂರ್ತಿ ದೂರ ಮಾಡಬೇಡಿ. ಒಂದೇ ಪಂಜರದಲ್ಲಿಟ್ಟರೆ ಹೆಣ್ಣು ಗಾಯವನ್ನು ಕುಕ್ಕಬಹುದು, ಬೇರೆ ಕೋಣೆಯಲ್ಲಿಟ್ಟರೆ ಎರಡೂ ಕೂಗಿ ಕೂಗಿ ದಣಿಯುತ್ತವೆ. ಮುಚ್ಚದೆ ಬಿಟ್ಟ ನಾಲ್ಕನೆಯ ಬದಿ ಹೆಣ್ಣಿನ ಪಂಜರಕ್ಕೆ ಎದುರಾಗುವಂತೆ ಇಟ್ಟರೆ ಒಂದಕ್ಕೊಂದು ಕಾಣುತ್ತವೆ. ನಮ್ಮಲ್ಲಿ ಹೀಗೆ ಇಟ್ಟ ಅರ್ಧ ಗಂಟೆಗೇ ಗಾಯಗೊಂಡ ಹಕ್ಕಿ ಕಾಳು ಬಿಡಿಸತೊಡಗಿತು. ಹಾಗೆಯೇ ಹೆಣ್ಣಿನ ಪಂಜರದಲ್ಲಿರುವ ಸೆಣಬು, ಹತ್ತಿ ದಾರಗಳನ್ನು ಇಂದೇ ತೆಗೆದುಬಿಡಿ. ಗೂಡಿಗೆ ಒಣಹುಲ್ಲನ್ನು ಬೆರಳುದ್ದಕ್ಕೆ ಕತ್ತರಿಸಿ ಕೊಡಿ.