ಫೈಬರ್ ದೋಣಿಗೆ ವಿಎಚ್‌ಎಫ್ ರೇಡಿಯೊ: ಏರಿಯಲ್ ಎಲ್ಲಿ, ಅರ್ತ್ ಎಲ್ಲಿ?

ಪ್ರಶ್ನೆ (ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ): ಸರ್, ಇಪ್ಪತ್ತು ವರ್ಷಗಳಿಂದ ಲಾರಿ, ಟ್ರ್ಯಾಕ್ಟರ್ ವೈರಿಂಗ್ ಮಾಡುತ್ತಿದ್ದೇನೆ. ಅಕ್ಕನನ್ನು ಮಲ್ಪೆಗೆ ಕೊಟ್ಟಿದ್ದೇವೆ. ಭಾವ ತಮ್ಮ 28 ಅಡಿಯ ಫೈಬರ್ ದೋಣಿಗೆಂದು 25 ವ್ಯಾಟ್‌ನ ವಿಎಚ್‌ಎಫ್ ಸೆಟ್ (ದೋಣಿಯಿಂದ ದೋಣಿಗೆ ಮಾತನಾಡುವ ರೇಡಿಯೊ) ತಂದಿಟ್ಟುಕೊಂಡು, ‘ನೀನೇ ಬಂದು ಕೂರಿಸು, ನಿನಗೆ ಬಾರದ ವೈರಿಂಗ್ ಯಾವುದಿದೆ’ ಎನ್ನುತ್ತಿದ್ದಾರೆ. ಬ್ಯಾಟರಿ ಕಡೆಯ ಕೆಲಸಕ್ಕೆ ಹೆದರಿಕೆಯಿಲ್ಲ. ಏರಿಯಲ್ ಕೆಲಸ ಮಾಡಿದವನಲ್ಲ. ಅಂಗಡಿಯಲ್ಲಿ ಟಿವಿ ಡಿಶ್ ಕೇಬಲ್ ಉಳಿದಿದೆ, ಅದನ್ನು ಹಾಕಬಹುದೇ? ಅರ್ತ್ ಎಲ್ಲಿಗೆ ಕೊಡಲಿ?

ಉತ್ತರ (ದೋಣಿ ರೇಡಿಯೊ ತಂತ್ರಜ್ಞ): ಹೆದರಿಕೆಯಿಲ್ಲ ಎಂದಿರಲ್ಲ, ಮೊದಲು ಅಲ್ಲಿಗೇ ಬರುತ್ತೇನೆ. ಲಾರಿಯಲ್ಲಿ ಚಾಸಿಯೇ ಮೈನಸ್. ಫೈಬರ್ ದೋಣಿಯಲ್ಲಿ ಚಾಸಿಯೇ ಇಲ್ಲ. ಪ್ಲಸ್, ಮೈನಸ್ ಎರಡನ್ನೂ ಬ್ಯಾಟರಿಯಿಂದಲೇ ಎಳೆಯಬೇಕು. ಮಾತನಾಡುವಾಗ ಸೆಟ್ 5-6 ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಐದು ಮೀಟರ್ ದೂರವಿದ್ದರೆ ಹೋಗಿ ಬರುವ ದಾರಿ ಹತ್ತು ಮೀಟರ್. 1 ಚದರ ಮಿ.ಮೀ. ವೈರಿನಲ್ಲಿ ಒಂದು ವೋಲ್ಟ್ ದಾರಿಯಲ್ಲೇ ಕರಗುತ್ತದೆ, 2.5 ಹಾಕಿದರೆ ಅರ್ಧ ವೋಲ್ಟೂ ಹೋಗುವುದಿಲ್ಲ. ತವರ ಲೇಪಿಸಿದ ತಾಮ್ರದ ವೈರ್ ಕೊಳ್ಳಿ. ಬರಿಯ ತಾಮ್ರ ಉಪ್ಪುಗಾಳಿಗೆ ಇನ್ಸುಲೇಷನ್ ಒಳಗೇ ಕಿಲುಬು ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಹೊಸದರಂತೆಯೇ ಇರುತ್ತದೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಸೆಟ್ 12 ವೋಲ್ಟಿನದು. ಲಾರಿಯ 24ರ ಅಭ್ಯಾಸದ ಕೈಗೆ ಇದನ್ನು ಒಮ್ಮೆ ನೆನಪಿಸುತ್ತಿದ್ದೇನೆ, ಅಷ್ಟೆ.

ಏರಿಯಲ್‌ಗೆ ಅರ್ತ್ ಬೇಡ. ದೋಣಿಗೆಂದೇ ಮಾಡಿದ ಅರ್ಧ ತರಂಗದ ಏರಿಯಲ್ ಕೊಂಡರೆ ಅದಕ್ಕೆ ಲೋಹದ ನೆಲೆ ಬೇಕಿಲ್ಲ. ಕಾರಿನ ಚಾವಣಿಗೆ ಕೂರಿಸುವ ಗಿಡ್ಡ ಏರಿಯಲ್‌ಗೆ ಕೆಳಗೆ ತಗಡು ಬೇಕು, ಅದು ಇಲ್ಲಿ ಕೆಲಸಕ್ಕೆ ಬಾರದು.

ಡಿಶ್ ಕೇಬಲ್ ಬೇಡವೇ ಬೇಡ. ಅದು 75 ಓಮ್, ರೇಡಿಯೊಗೆ ಬೇಕಾದದ್ದು 50 ಓಮ್. 50 ಓಮ್ ಕೇಬಲ್‌ಗಳಲ್ಲಿ ಆರ್‌ಜಿ-58 ಎಂಬುದು ತೆಳುವಾದದ್ದು, ಹತ್ತು ಮೀಟರ್ ಎಳೆದರೆ 25 ವ್ಯಾಟ್‌ನಲ್ಲಿ ಸುಮಾರು 9 ಸೋರಿಹೋಗುತ್ತದೆ. ನಿಮ್ಮದು ಐದಾರು ಮೀಟರ್ ದಾಟದು, ನಡೆಯುತ್ತದೆ. ದಪ್ಪನೆಯ ಆರ್‌ಜಿ-213 ಸಿಕ್ಕರೆ ಇನ್ನೂ ಒಳ್ಳೆಯದು, ಬಗ್ಗಿಸಲು ಮಾತ್ರ ಹಟಮಾರಿ.

ಎತ್ತರದ ಮಾತು. ವಿಎಚ್‌ಎಫ್ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟೇ ದೂರ ಹೋಗುತ್ತದೆ. ಚಿತ್ರದುರ್ಗದವರು ಕಾವಲಿನ ಬತೇರಿಗಳನ್ನು ಬೆಟ್ಟದ ನೆತ್ತಿಯಲ್ಲಿ ಕಟ್ಟಿದ್ದು ಏಕೆಂದು ಯಾರಿಗೂ ಹೇಳಬೇಕಿಲ್ಲ. ಏರಿಯಲ್ ನೀರಿನಿಂದ 1 ಮೀಟರ್ ಮೇಲಿದ್ದರೆ ಅದರ ದಿಗಂತ ಸುಮಾರು 4 ಕಿ.ಮೀ.; 4 ಮೀಟರ್ ಏರಿಸಿದರೆ 8. ಎದುರಿನ ದೋಣಿಯದೂ ಅಷ್ಟೇ ಎತ್ತರವಿದ್ದರೆ ಎರಡನ್ನೂ ಕೂಡಿಸಿಕೊಳ್ಳಿ, 16. ಇದನ್ನು ವ್ಯಾಟ್ ಹೆಚ್ಚಿಸಿ ಗಳಿಸಲಾಗದು. ಭಾವನವರ ಬಳಿ ಇನ್ನೂ ದುಡ್ಡಿದ್ದರೆ ಒಳ್ಳೆಯ ಕಂಬಕ್ಕೆ ಹಾಕಲಿ.

ಮರುಪ್ರಶ್ನೆ: ಅಂಗಡಿಯವರು 3 ಡಿಬಿ, 6 ಡಿಬಿ ಎಂದು ಎರಡು ಏರಿಯಲ್ ತೋರಿಸಿದರಂತೆ. ಹೆಚ್ಚಿನದನ್ನೇ ತರಲು ಹೇಳಲೇ?

ಉತ್ತರ: 3 ಸಾಕು. ಡಿಬಿ ಎಂದರೆ ಏರಿಯಲ್ ತನ್ನ ಶಕ್ತಿಯನ್ನು ಎಷ್ಟು ಚಪ್ಪಟೆಯಾಗಿ ಸುತ್ತಲೂ ಹರಡುತ್ತದೆ ಎಂಬ ಲೆಕ್ಕ. ಒಂದೇ ಸೌಟು ಹಿಟ್ಟಿನಲ್ಲಿ ದಪ್ಪ ದೋಸೆಯನ್ನೂ ಹುಯ್ಯಬಹುದು, ತೆಳ್ಳಗೆ ಕಾವಲಿಯ ಅಂಚಿನವರೆಗೂ ಎಳೆಯಬಹುದು, ಹಿಟ್ಟು ಹೆಚ್ಚಾಗುವುದಿಲ್ಲ. 6 ಡಿಬಿ ಎಂದರೆ ತೆಳ್ಳನೆಯ ದೋಸೆ. ಅಲೆಗೆ ದೋಣಿ ವಾಲಿತೋ, ದೋಸೆಯ ಒಂದು ಅಂಚು ಆಕಾಶಕ್ಕೆ, ಇನ್ನೊಂದು ನೀರಿಗೆ.

ಕನೆಕ್ಟರ್ ಬಗ್ಗೆ ನೀವು ಕೇಳಲಿಲ್ಲ, ಕೇಳಬೇಕಿತ್ತು. ಒಂದು ದೋಣಿಯಲ್ಲಿ ‘ಕೇಳಿಸುತ್ತದೆ, ನಮ್ಮ ಮಾತು ಮಾತ್ರ ಪಕ್ಕದ ದೋಣಿಗೂ ಮುಟ್ಟುವುದಿಲ್ಲ’ ಎಂದು ಎರಡು ಸೆಟ್ ಬದಲಿಸಿದ್ದರು. ಕೇಬಲ್ ತುದಿಯ ಪಿಎಲ್-259 ಕನೆಕ್ಟರ್ ಬಿಚ್ಚಿ ನೋಡಿದರೆ ಕೇಬಲ್‌ನ ಹೊರಸುತ್ತಿನ ಜಾಲರಿಯ ಒಂದೇ ಒಂದು ಎಳೆ, ಕೂದಲಿನಷ್ಟು, ನಡುವಿನ ತಂತಿಗೆ ತಾಗಿಕೊಂಡಿತ್ತು. ಆದ್ದರಿಂದ ಏರಿಯಲ್‌ಗೆ ಜೋಡಿಸುವ ಮೊದಲೇ ಬರಿಯ ಕೇಬಲನ್ನು ಮಲ್ಟಿಮೀಟರ್‌ನಲ್ಲಿ ನೋಡಿ. ಜೋಡಿಸಿದ ಮೇಲೆ ನೋಡಿದರೆ ಕೆಲವು ಏರಿಯಲ್‌ಗಳು ಒಳಗಿನ ಸುರುಳಿಯಿಂದಾಗಿ ಶಾರ್ಟ್ ಎಂದೇ ತೋರಿಸುತ್ತವೆ, ಸುಮ್ಮನೆ ಗಾಬರಿ. ಇನ್ನೊಂದು: ಕನೆಕ್ಟರ್‌ನ ತಿರುಪು ಬಳೆಯನ್ನು ಮೊದಲೇ ಕೇಬಲ್‌ಗೆ ತೊಡಿಸಿ. ಮರೆತರೆ ಬೆಸುಗೆಯೆಲ್ಲ ಮುಗಿದ ಮೇಲೆ ಅದು ಮೇಜಿನ ಮೇಲೆ ಕುಳಿತು ನಗುತ್ತದೆ. ನನ್ನನ್ನು ನೋಡಿ ಎಷ್ಟೋ ಸಲ ನಕ್ಕಿದೆ.

ಏರಿಯಲ್ ಜೋಡಿಸದೆ ಮೈಕ್ ಒತ್ತಬೇಡಿ. ಏರಿಯಲ್‌ನಿಂದ ಶಕ್ತಿ ಎಷ್ಟು ಹಿಂದಿರುಗುತ್ತಿದೆ ಎಂದು ಹೇಳುವ ಎಸ್‌ಡಬ್ಲ್ಯುಆರ್ ಮೀಟರ್ 1.5ರ ಒಳಗೆ ತೋರಿಸಿದರೆ ಕೆಲಸ ಸರಿಯಾಗಿದೆ. ದಿಕ್ಸೂಚಿಯಿಂದ ಸೆಟ್ಟನ್ನು ಒಂದು ಮೀಟರ್ ದೂರವಿಡಿ, ಸ್ಪೀಕರಿನ ಅಯಸ್ಕಾಂತ ಅದನ್ನು ದಾರಿ ತಪ್ಪಿಸುತ್ತದೆ. ಆಪತ್ತಿನ ಕರೆಯ ಕೆಂಪು ಗುಂಡಿಯಿರುವ ಸೆಟ್ ಆಗಿದ್ದರೆ 419ರಿಂದ ಆರಂಭವಾಗುವ 9 ಅಂಕಿಯ ಎಂಎಂಎಸ್‌ಐ ಸಂಖ್ಯೆ (ದೋಣಿಯ ರೇಡಿಯೊ ಗುರುತಿನ ಸಂಖ್ಯೆ) ಪಡೆದು ತುಂಬಿಸಬೇಕು. ಅಂದಾಜಿನ ಸಂಖ್ಯೆ ಬೇಡ. ಪರೀಕ್ಷೆಯ ಹರಟೆಗೆ ಚಾನೆಲ್ 16 ಬಳಸಬೇಡಿ, ಅದು ಆಪತ್ತಿನ ಕರೆಗೆ ಮತ್ತು ಮೊದಲ ಕರೆಗೆ ಮೀಸಲು.

ಇನ್ನೊಬ್ಬರ ಪ್ರಶ್ನೆ (ಹಿರಿಯೂರು): ಸರ್, ವಾಣಿವಿಲಾಸ ಸಾಗರದಲ್ಲಿ (ಮಾರಿಕಣಿವೆ ಜಲಾಶಯ) ಮೀನು ಹಿಡಿಯುವ ತೆಪ್ಪ, ದೋಣಿಗಳಿಗೂ ಇಂಥದ್ದನ್ನು ಹಾಕಬಹುದೇ?

ಉತ್ತರ: ಹಾಕಿ ಯಾರೊಡನೆ ಮಾತನಾಡುತ್ತೀರಿ? ಸಮುದ್ರದಲ್ಲಿ 16ಕ್ಕೆ ಕಿವಿಗೊಡುವ ಹಡಗುಗಳೂ ಕರಾವಳಿ ಕಾವಲು ಪಡೆಯೂ ಇವೆ, ಮಾರಿಕಣಿವೆಯಲ್ಲಿ ಕೊಕ್ಕರೆಗಳಿವೆ. ಪರವಾನಗಿಯಿಲ್ಲದೆ ಪ್ರಸಾರ ಮಾಡುವಂತೆಯೂ ಇಲ್ಲ. ಆ ದುಡ್ಡಿನಲ್ಲಿ ತಲೆಗೊಂದು ಲೈಫ್ ಜಾಕೆಟ್ ತನ್ನಿ, ಮೊಬೈಲ್‌ಗೆ ನೀರು ನುಗ್ಗದ ಚೀಲ ತನ್ನಿ.